ಮನಸ್ಸಿನ ದಣಿವೂ ಮರದ ನೆರಳೂ

ಪರೀಕ್ಷೆಯ ದಿನಗಳು ಸಮೀಪಿಸಿದಾಗ ಓದುವ ಮಕ್ಕಳೆಲ್ಲರ ಅನುಭವಕ್ಕೆ ಬರುವ ಸಂಗತಿಯೊಂದುಂಟು. ಬೆಳಗಿನಿಂದ ಪುಸ್ತಕ ಹಿಡಿದು ಕುಳಿತವನ ಕಣ್ಣು ಸಂಜೆಯ ಹೊತ್ತಿಗೆ ಅಕ್ಷರಗಳ ಮೇಲೆ ಓಡುತ್ತಲೇ ಇರುತ್ತದೆ. ಅರ್ಥ ಮಾತ್ರ ತಲೆಗೆ ಹತ್ತುವುದಿಲ್ಲ. ಒಂದೇ ಪುಟವನ್ನು ಮೂರು ಸಲ ಓದಿ ಮುಗಿಸಿದರೂ ಅದರ ಮೊದಲಲ್ಲಿ ಏನಿತ್ತೆಂಬುದು ನೆನಪಿರುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಆಡಿದ ಮಾತು ಕಿವಿಗೆ ಚುಚ್ಚುತ್ತದೆ. ತಾಯಿ ಊಟಕ್ಕೆ ಕರೆದರೂ ಸಿಟ್ಟು ಬರುತ್ತದೆ. ಈ ವಿದ್ಯಾರ್ಥಿ ಹೊರೆ ಹೊತ್ತವನಲ್ಲ, ನೆಲ ಅಗೆದವನಲ್ಲ. ದಿನವಿಡೀ ಕುಳಿತೇ ಇದ್ದವನು. ಆದರೂ ಆತನು ದಣಿದಿರುವನೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ದಣಿದಿರುವುದು ಯಾವುದು?

ಮಿದುಳಿನ ಇಂಧನ ಮುಗಿದುಹೋಗಿದೆ ಎಂದು ಥಟ್ಟನೆ ಉತ್ತರ ಹೇಳಬಹುದು. ಆದರೆ ಈ ಉತ್ತರವು ಅಷ್ಟು ಸಮರ್ಪಕವಾದುದಲ್ಲ. ದೇಹದ ತೂಕದಲ್ಲಿ ಸುಮಾರು ಶೇಕಡಾ 2ರಷ್ಟೇ ಇರುವ ಮಿದುಳು, ನಾವು ಸುಮ್ಮನೆ ಕುಳಿತಿರುವಾಗಲೂ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಬಳಸಿಕೊಳ್ಳುತ್ತದೆ. ಕಠಿಣವಾದ ಲೆಕ್ಕವನ್ನು ಬಿಡಿಸುವಾಗ ಈ ಒಟ್ಟು ವ್ಯಯವು ಹೆಚ್ಚುವುದು ಅತ್ಯಲ್ಪ. ಆದುದರಿಂದಲೇ ಹೊಟ್ಟೆ ತುಂಬ ಉಂಡು ಬಂದರೂ ಆ ಪುಟದ ಅರ್ಥ ಮರಳಿ ಬರುವುದಿಲ್ಲ. ಆದರೆ ಅದೇ ವಿದ್ಯಾರ್ಥಿಯು ಎದ್ದು, ಊರ ಹೊರಗಿನ ತೋಪಿನಲ್ಲಿಯೋ ಕೆರೆಯ ಏರಿಯ ಮೇಲೆಯೋ ಸ್ವಲ್ಪ ಹೊತ್ತು ಅಡ್ಡಾಡಿ ಬಂದರೆ, ಪುಟದಲ್ಲಿನ ಸಾಲುಗಳು ಮತ್ತೆ ಮಾತನಾಡತೊಡಗುತ್ತವೆ. ಕವಿಗಳು ಬಹು ಹಿಂದಿನಿಂದ ಬಲ್ಲ ಈ ಸಂಗತಿಯನ್ನು ವಿಜ್ಞಾನಿಗಳು ಅಳತೆಗೋಲು ಹಿಡಿದು ಪರೀಕ್ಷಿಸಿರುವುದು ಕಳೆದ ಸುಮಾರು ಐವತ್ತು ವರ್ಷಗಳಲ್ಲಿ. ಆ ಪರೀಕ್ಷೆಗಳಿಂದ ತಿಳಿದುಬಂದುದೇನೆಂಬುದನ್ನು ಇಲ್ಲಿ ನೋಡೋಣ.

ಎರಡು ಬಗೆಯ ಅವಧಾನ

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಮನುಷ್ಯನ ಅವಧಾನವನ್ನು ಎರಡು ಬಗೆಯಾಗಿ ವಿಂಗಡಿಸಿದನು. ಥಟ್ಟನೆ ಸಿಡಿಲು ಬಡಿದರೆ, ಕಣ್ಣೆದುರು ಹಾವು ಹರಿದರೆ, ಹೊಳೆಯುವ ವಸ್ತುವೊಂದು ಕಂಡರೆ ನಮ್ಮ ಗಮನವು ತಾನಾಗಿಯೇ ಅತ್ತ ಹರಿಯುತ್ತದೆ. ಇದಕ್ಕೆ ಪ್ರಯತ್ನ ಬೇಕಿಲ್ಲ. ಇದು ಸಹಜ ಅವಧಾನ. ಬೀಜಗಣಿತದ ಸಮೀಕರಣದಲ್ಲಿಯೋ ವ್ಯಾಕರಣದ ಸೂತ್ರದಲ್ಲಿಯೋ ಮನಸ್ಸನ್ನು ನಿಲ್ಲಿಸಬೇಕಾದರೆ ಮಾತ್ರ ಅದನ್ನು ಹಿಡಿದು ಎಳೆದು ತರಬೇಕಾಗುತ್ತದೆ. ಇದು ಸಂಕಲ್ಪಿತ ಅವಧಾನ.

ಅವಧಾನವೆಂಬ ಪದವು ಕನ್ನಡಿಗರಿಗೆ ಹೊಸದಲ್ಲ. ಅಷ್ಟಾವಧಾನದ ಸಭೆಯನ್ನು ನೋಡಿದವರು ಈ ಸಂಕಲ್ಪಿತ ಅವಧಾನದ ಸ್ವರೂಪವನ್ನು ಸುಲಭವಾಗಿ ತಿಳಿಯಬಲ್ಲರು. ಎಂಟು ಮಂದಿ ಪೃಚ್ಛಕರು ಅವಧಾನಿಯ ಸುತ್ತ ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯೊಂದನ್ನು ಕೊಟ್ಟು ಪದ್ಯವನ್ನು ಪೂರ್ಣಗೊಳಿಸಬೇಕೆನ್ನುತ್ತಾರೆ. ಇನ್ನೊಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗದ ಪೃಚ್ಛಕರು ನಡುನಡುವೆ ಬಾಯಿ ಹಾಕಿ, ಸಂಬಂಧವಿಲ್ಲದ ಪ್ರಶ್ನೆ ಕೇಳಿ, ಸಭೆಯನ್ನು ನಗಿಸಿ, ಅವಧಾನಿಯ ಏಕಾಗ್ರತೆಯನ್ನು ಕೆಡಿಸಲು ಯತ್ನಿಸುತ್ತಾರೆ. ಅವಧಾನಿಯ ಸಾಮರ್ಥ್ಯವಿರುವುದು ಪದ್ಯವನ್ನು ನೆನಪಿನಲ್ಲಿ ಹಿಡಿದಿಡುವುದರಲ್ಲಿ ಮಾತ್ರವಲ್ಲ, ಹೊರಗಿನಿಂದ ನುಗ್ಗುವುದನ್ನು ತಡೆದು ನಿಲ್ಲಿಸುವುದರಲ್ಲಿಯೂ ಇದೆ.

ನಾವು ಓದುವಾಗಲೂ ನಡೆಯುವುದು ಇದೇ. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು, ಬೇಕಾದ ವಿಷಯವನ್ನು ಹಿಡಿದಿಡುವುದರೊಡನೆ, ಬೇಡವಾದ ನೂರಾರು ಶಬ್ದ, ದೃಶ್ಯ, ನೆನಪು, ಆಸೆಗಳನ್ನು ಕ್ಷಣಕ್ಷಣವೂ ತಡೆಯುವುದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಅಪ್ರಸ್ತುತ ಪ್ರಸಂಗವು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಮೇಜಿನ ಮೇಲೆಯೇ, ಅಂಗೈಯಗಲದ ದೂರವಾಣಿಯ ರೂಪದಲ್ಲಿ ಕುಳಿತಿದೆ. ಹೀಗೆ ತಡೆಯುವ ಕೆಲಸ ಬಹಳ ಹೊತ್ತು ನಡೆದಾಗ ಆ ಸಾಮರ್ಥ್ಯವು ಕುಗ್ಗುತ್ತದೆ. ಆಗ ಗಮನವು ಚದರುತ್ತದೆ, ತಪ್ಪುಗಳು ಹೆಚ್ಚುತ್ತವೆ, ತಾಳ್ಮೆ ಕೆಡುತ್ತದೆ. ನಮ್ಮ ವಿದ್ಯಾರ್ಥಿಯಲ್ಲಿ ದಣಿದಿರುವುದು ಈ ಸಂಕಲ್ಪಿತ ಅವಧಾನವೇ.

ದಣಿದ ಸ್ನಾಯುವಿಗೆ ವಿಶ್ರಾಂತಿ ಬೇಕಾದಂತೆ ದಣಿದ ಅವಧಾನಕ್ಕೂ ವಿಶ್ರಾಂತಿ ಬೇಕು. ನಿದ್ರೆಯು ಮುಖ್ಯವಾದ ವಿಶ್ರಾಂತಿಯೇನೋ ನಿಜ. ಆದರೆ ಎಚ್ಚರವಿರುವಾಗ ಇದನ್ನು ಪಡೆಯುವ ಬಗೆ ಯಾವುದು? ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ದಂಪತಿಗಳಾದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ಅವರು ಈ ಪ್ರಶ್ನೆಯನ್ನು ಹಲವು ವರ್ಷ ಪರಿಶೀಲಿಸಿ, 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಮ್ಮ ವಾದವನ್ನು ಮಂಡಿಸಿದರು. ಸಹಜ ಅವಧಾನವು ಕೆಲಸ ಮಾಡುತ್ತಿರುವಾಗ ಸಂಕಲ್ಪಿತ ಅವಧಾನಕ್ಕೆ ಬಿಡುವು ದೊರೆಯುತ್ತದೆಂಬುದು ಅವರ ವಾದದ ತಿರುಳು.

ಹಾಗಿದ್ದರೆ ರೋಮಾಂಚಕಾರಿಯಾದ ಚಲನಚಿತ್ರವೊಂದನ್ನು ನೋಡಿದರೂ ಆಗಬಹುದಲ್ಲವೇ ಎಂದು ಕೇಳಬಹುದು. ಸಹಜ ಅವಧಾನವನ್ನು ಸೆಳೆಯುವ ವಸ್ತುಗಳಲ್ಲಿಯೂ ಭೇದವುಂಟೆಂದು ಕಪ್ಲಾನ್ ದಂಪತಿಗಳು ತೋರಿಸಿದರು. ಕ್ರಿಕೆಟ್ ಪಂದ್ಯದ ಕೊನೆಯ ಓವರಾಗಲಿ, ದೂರವಾಣಿಯ ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳಾಗಲಿ ಮನಸ್ಸನ್ನು ಇಡಿಯಾಗಿ ಹಿಡಿದುಕೊಳ್ಳುತ್ತವೆ. ಬೇರೊಂದಕ್ಕೆ ಎಡೆಯನ್ನೇ ಕೊಡುವುದಿಲ್ಲ. ಗಾಳಿಗೆ ಅಲುಗುವ ಎಲೆ, ಹರಿಯುವ ತೊರೆ, ಆಕಾಶದಲ್ಲಿ ರೂಪ ಬದಲಿಸುತ್ತಾ ಸಾಗುವ ಮೋಡ, ಗೂಡಿಗೆ ಕಡ್ಡಿ ತರುತ್ತಿರುವ ಹಕ್ಕಿ ಇವು ಮನಸ್ಸನ್ನು ಸೆಳೆಯುತ್ತವೆ, ಆದರೆ ಸೆರೆಹಿಡಿಯುವುದಿಲ್ಲ. ಇದನ್ನು ಅವರು ಮೃದುವಾದ ಆಕರ್ಷಣೆಯೆಂದು ಕರೆದರು. ನಮ್ಮ ರೈತನು ಹೊಲವನ್ನು ಬೀಳು ಬಿಟ್ಟಾಗ ನೆಲವೇನೂ ಸತ್ತಿರುವುದಿಲ್ಲ. ಅಲ್ಲಿ ಹುಲ್ಲು ಬೆಳೆಯುತ್ತದೆ, ಹುಳುಹುಪ್ಪಟೆ ಓಡಾಡುತ್ತವೆ, ಮಣ್ಣು ತನ್ನ ಸಾರವನ್ನು ಮರಳಿ ಪಡೆಯುತ್ತಿರುತ್ತದೆ. ಮರದ ನೆರಳಿನಲ್ಲಿ ಕುಳಿತವನ ಮನಸ್ಸೂ ಹಾಗೆಯೇ ಬೀಳು ಬಿಟ್ಟ ಹೊಲ.

ಉದ್ಯಾನದ ದಾರಿ, ಪೇಟೆಯ ದಾರಿ

ವಾದವು ಎಷ್ಟೇ ಸುಂದರವಾಗಿರಲಿ, ವಿಜ್ಞಾನವು ಅದನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚದೆ ಒಪ್ಪುವುದಿಲ್ಲ. ಅಂತಹ ಪ್ರಯೋಗವೊಂದನ್ನು ಮಾರ್ಕ್ ಬರ್ಮನ್, ಜಾನ್ ಜೊನೈಡಿಸ್ ಮತ್ತು ಸ್ಟೀಫನ್ ಕಪ್ಲಾನ್ ಅವರು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ನಡೆಸಿ, 2008ರಲ್ಲಿ ಪ್ರಕಟಿಸಿದರು.

ಅದರಲ್ಲಿ ಪಾಲ್ಗೊಂಡ 38 ಮಂದಿ ವಿದ್ಯಾರ್ಥಿಗಳಿಗೆ ಮೊದಲು ಒಂದು ಪರೀಕ್ಷೆಯನ್ನು ಕೊಡಲಾಯಿತು. ಪರೀಕ್ಷಕನು ಕೆಲವು ಅಂಕೆಗಳನ್ನು ಓದಿ ಹೇಳುತ್ತಾನೆ. ಕೇಳಿದವರು ಅವನ್ನು ಹಿಂದುಮುಂದಾಗಿ ಹೇಳಬೇಕು. ‘4, 9, 2’ ಎಂದರೆ ‘2, 9, 4’ ಎನ್ನಬೇಕು. ಮೂರು ಅಂಕೆಗಳಾದರೆ ಸುಲಭ. ಸಾಲು ಉದ್ದವಾದಂತೆಲ್ಲ ಅವಧಾನಕ್ಕೆ ಕಷ್ಟ ಹೆಚ್ಚುತ್ತದೆ. ಬಳಿಕ ಮನಸ್ಸನ್ನು ಇನ್ನಷ್ಟು ದಣಿಸುವ ಬೇರೊಂದು ಕೆಲಸವನ್ನು ಮಾಡಿಸಿ, ಅವರನ್ನು ಸುಮಾರು 50 ನಿಮಿಷಗಳ ನಡಿಗೆಗೆ ಕಳುಹಿಸಲಾಯಿತು. ಕೆಲವರು ಮರಗಿಡಗಳ ಸಂಗ್ರಹವಾದ ಸಸ್ಯೋದ್ಯಾನದಲ್ಲಿ ನಡೆದರು. ಉಳಿದವರು ಅಷ್ಟೇ ದೂರವನ್ನು ವಾಹನಗಳಿಂದ ಗಿಜಿಗುಡುವ ಪೇಟೆಯ ಬೀದಿಗಳಲ್ಲಿ ನಡೆದರು. ಹಿಂದಿರುಗಿದ ಮೇಲೆ ಮತ್ತೆ ಅದೇ ಅಂಕೆಗಳ ಪರೀಕ್ಷೆ. ಒಂದು ವಾರದ ಅನಂತರ ದಾರಿಗಳನ್ನು ಅದಲುಬದಲು ಮಾಡಿದರು. ಉದ್ಯಾನದಲ್ಲಿ ನಡೆದವರು ಪೇಟೆಗೂ, ಪೇಟೆಯಲ್ಲಿ ನಡೆದವರು ಉದ್ಯಾನಕ್ಕೂ ಹೋದರು.

ಉದ್ಯಾನದಲ್ಲಿ ನಡೆದು ಬಂದಾಗ ವಿದ್ಯಾರ್ಥಿಗಳ ಸಾಧನೆಯು ಸ್ಪಷ್ಟವಾಗಿ ಉತ್ತಮಗೊಂಡಿತು. ಪೇಟೆಯಲ್ಲಿ ನಡೆದು ಬಂದಾಗ ಅಂತಹ ಏರಿಕೆ ಕಂಡುಬರಲಿಲ್ಲ. ವ್ಯಾಯಾಮವು ಎರಡು ಕಡೆಯೂ ಒಂದೇ ಆಗಿದ್ದುದರಿಂದ ಈ ಲಾಭಕ್ಕೆ ಬರಿಯ ನಡಿಗೆಯನ್ನು ಕಾರಣವೆನ್ನುವಂತಿಲ್ಲ. ಇನ್ನೂ ಸ್ವಾರಸ್ಯವಾದ ಸಂಗತಿಯೊಂದಿದೆ. ಈ ಪ್ರಯೋಗವು ವರ್ಷದ ಬೇರೆ ಬೇರೆ ಋತುಗಳಲ್ಲಿ ನಡೆಯಿತು. ಮಿಷಿಗನ್ನಿನ ಜನವರಿಯೆಂದರೆ ಕೊರೆಯುವ ಚಳಿ. ಆಗ ನಡೆಯುವುದು ಯಾರಿಗೂ ಸುಖಕರವಲ್ಲ. ಆದರೂ ಚಳಿಯಲ್ಲಿ ನಡೆದವರಿಗೂ ಬೇಸಿಗೆಯಲ್ಲಿ ನಡೆದವರಿಗೂ ಅವಧಾನದಲ್ಲಾದ ಲಾಭ ಒಂದೇ ಬಗೆಯದು. ಅಂದರೆ ಪ್ರಕೃತಿಯು ನಮಗೆ ಹಿತವಾಗಿ ತೋರಿದಾಗ ಮಾತ್ರ ಕೆಲಸ ಮಾಡುತ್ತದೆಂದಲ್ಲ. ಆನಂದವುಂಟಾದರೆ ಒಳ್ಳೆಯದೇ; ಉಂಟಾಗದಿದ್ದರೂ ಅವಧಾನಕ್ಕೆ ವಿಶ್ರಾಂತಿ ದೊರೆಯುತ್ತದೆ.

ಮನಸ್ಸಿನ ಅಶಾಂತಿಗೆ ಇನ್ನೊಂದು ಮುಖವುಂಟು. ಆದ ಅವಮಾನವನ್ನೋ ತಪ್ಪಿದ ಅಂಕವನ್ನೋ ಮತ್ತೆ ಮತ್ತೆ ನೆನೆದು ಕೊರಗುವ ಅಭ್ಯಾಸ ಹಲವರಿಗಿದೆ. ಹಸುವು ಮೆಲುಕು ಹಾಕಿದರೆ ಮೇವು ಜೀರ್ಣವಾಗುತ್ತದೆ, ಮನುಷ್ಯನು ದುಃಖವನ್ನು ಮೆಲುಕು ಹಾಕಿದರೆ ಅದು ಬೆಳೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 90 ನಿಮಿಷಗಳ ಕಾಲ ಓಕ್ ಮರಗಳಿರುವ ಹುಲ್ಲುಗಾವಲಿನಲ್ಲಿ ನಡೆದವರಲ್ಲಿ ಈ ಬಗೆಯ ಕೊರಗು ಕಡಿಮೆಯಾಯಿತು. ಅದರೊಡನೆ ಸಂಬಂಧವುಳ್ಳ ಮಿದುಳಿನ ಭಾಗವೊಂದರ ಚಟುವಟಿಕೆಯೂ ಇಳಿಯಿತೆಂಬುದು ಮಿದುಳಿನ ಚಿತ್ರಗಳಿಂದ ತಿಳಿಯಿತು. ಅಷ್ಟೇ ಹೊತ್ತು ವಾಹನ ಸಂಚಾರದ ಹೆದ್ದಾರಿಯ ಬದಿಯಲ್ಲಿ ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ.

ದೇಹವೂ ಬಲ್ಲುದು

ಅಪಾಯವು ಎದುರಾದಾಗ ದೇಹವು ಹೋರಾಟಕ್ಕೋ ಓಟಕ್ಕೋ ಸಿದ್ಧವಾಗುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು 1915ರಲ್ಲಿಯೇ ವಿವರಿಸಿದನು. ಸಿಂಪಥೆಟಿಕ್ ಎಂಬ ಹೆಸರಿನ ನರವ್ಯೂಹವು ಚುರುಕಾಗಿ ಹೃದಯದ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಅಂಗೈ ಬೆವರುತ್ತದೆ. ಅಪಾಯ ಕಳೆದ ಮೇಲೆ ಪ್ಯಾರಾಸಿಂಪಥೆಟಿಕ್ ಎಂಬ ಇನ್ನೊಂದು ನರವ್ಯೂಹವು ದೇಹವನ್ನು ಮರಳಿ ಶಾಂತ ಸ್ಥಿತಿಗೆ ತರುತ್ತದೆ. ಬಂಡಿಗೆ ಒಂದು ವೇಗವನ್ನು ಹೆಚ್ಚಿಸುವ ಸಾಧನವಾದರೆ, ಇನ್ನೊಂದು ತಡೆ. ಹುಲಿ ಬಂದಾಗ ಓಡುವುದಕ್ಕೆ ಒದಗಿದ ಈ ಏರ್ಪಾಡು ಇಂದು ಪರೀಕ್ಷೆಯ ವೇಳಾಪಟ್ಟಿಯನ್ನು ಕಂಡರೂ ಎಚ್ಚರಗೊಳ್ಳುತ್ತದೆ. ಹುಲಿಯಾದರೆ ಕೆಲವು ನಿಮಿಷಗಳಲ್ಲಿ ಹೋದೀತು. ವೇಳಾಪಟ್ಟಿ ತಿಂಗಳುಗಟ್ಟಲೆ ಗೋಡೆಯ ಮೇಲಿರುತ್ತದೆ.

ಈ ಉದ್ವೇಗವನ್ನು ಇಳಿಸುವಲ್ಲಿ ಹಸಿರಿನ ಪಾತ್ರವೇನೆಂಬುದನ್ನು ರೋಜರ್ ಉಲ್ರಿಚ್ ಅವರು ಪರೀಕ್ಷಿಸಿದರು. 1984ರಲ್ಲಿ ಅವರು ಪ್ರಕಟಿಸಿದ ಪುಟ್ಟ ಲೇಖನವು ಇಂದಿಗೂ ಪ್ರಸಿದ್ಧವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಅವರು ತೆಗೆದು ನೋಡಿದರು. ಅಲ್ಲಿನ ಕೆಲವು ಕೋಣೆಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಮಿಕ್ಕ ಕೋಣೆಗಳಿಂದ ಕಾಣುತ್ತಿದ್ದುದು ಇಟ್ಟಿಗೆಯ ಗೋಡೆ. ವಯಸ್ಸು ಮೊದಲಾದ ವಿಷಯಗಳಲ್ಲಿ ಹೊಂದಿಕೆಯಾಗುವಂತೆ 23 ಜೊತೆ ರೋಗಿಗಳನ್ನು ಆರಿಸಿ ಹೋಲಿಸಿದರು. ಮರಗಳನ್ನು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರೆ, ಗೋಡೆಯನ್ನು ಕಾಣುತ್ತಿದ್ದವರಿಗೆ 8.70 ದಿನಗಳು ಬೇಕಾದವು. ಮರಗಳನ್ನು ಕಾಣುತ್ತಿದ್ದವರು ಪ್ರಬಲವಾದ ನೋವುನಿವಾರಕಗಳನ್ನು ಕಡಿಮೆ ಕೇಳಿದರು. ಅಂತರವು ದೊಡ್ಡದಲ್ಲವೆಂಬುದು ನಿಜ. ಆದರೆ ಅದನ್ನು ಉಂಟುಮಾಡಿದ್ದು ಔಷಧವಲ್ಲ, ಒಂದು ಕಿಟಕಿ.

ಮುಂದೆ 1991ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಅವರೂ ಸಂಗಡಿಗರೂ 120 ಮಂದಿ ವಿದ್ಯಾರ್ಥಿಗಳಿಗೆ, ಮರಗೆಲಸದ ಕಾರ್ಖಾನೆಯ ಅಪಘಾತಗಳನ್ನು ಕುರಿತ ಎದೆ ನಡುಗಿಸುವ ಚಿತ್ರವೊಂದನ್ನು ತೋರಿಸಿದರು. ಅನಂತರ ಕೆಲವರಿಗೆ ಪ್ರಕೃತಿಯ ದೃಶ್ಯಗಳನ್ನು, ಉಳಿದವರಿಗೆ ನಗರದ ದೃಶ್ಯಗಳನ್ನು ತೋರಿಸಿ, ಅವರ ಹೃದಯದ ಬಡಿತ, ಸ್ನಾಯುಗಳ ಬಿಗುವು, ಚರ್ಮದ ವಿದ್ಯುದ್ವಾಹಕತೆಗಳನ್ನು ಅಳೆದರು. ಪ್ರಕೃತಿಯ ದೃಶ್ಯಗಳನ್ನು ಕಂಡವರ ದೇಹವು ಬೇಗನೆ ಶಾಂತವಾಯಿತು. ಅದಕ್ಕೆ ಬೇಕಾದುದು ಕೆಲವೇ ನಿಮಿಷಗಳು.

ಜಪಾನಿನಲ್ಲಿ ಈ ವಿಷಯಕ್ಕೆ ಸರಕಾರವೇ ಪ್ರೋತ್ಸಾಹ ನೀಡಿತು. ಅಲ್ಲಿನ ಅರಣ್ಯ ಇಲಾಖೆಯು 1982ರಲ್ಲಿ ‘ಶಿನ್‌ರಿನ್ ಯೊಕು’ ಎಂಬ ಪದವನ್ನು ಪ್ರಚಾರಕ್ಕೆ ತಂದಿತು. ಕಾಡಿನ ಸ್ನಾನವೆಂಬುದು ಅದರ ಅರ್ಥ. ಸ್ನಾನವೆಂದರೂ ಇಲ್ಲಿ ನೀರಿಲ್ಲ. ಕಾಡಿನ ಬೆಳಕು, ಗಂಧ, ಸದ್ದು, ಮೌನಗಳಲ್ಲಿ ಅವಸರವಿಲ್ಲದೆ ಇರುವುದೇ ಸ್ನಾನ. ಕಾಡಿನಲ್ಲಿ ನಡೆದವರನ್ನೂ ನಗರದಲ್ಲಿ ನಡೆದವರನ್ನೂ ಹೋಲಿಸಿದ ಅಲ್ಲಿನ ಸಂಶೋಧಕರು, ಕಾಡಿನಲ್ಲಿದ್ದವರ ನಾಡಿಬಡಿತವೂ, ಉದ್ವೇಗಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪ್ರಮಾಣವೂ ಕಡಿಮೆಯಿರುವುದನ್ನು ಕಂಡುಕೊಂಡರು.

ಎಷ್ಟು ಹಸಿರು ಸಾಕು?

ಇಷ್ಟನ್ನು ಓದಿದವರು, ಆಗುಂಬೆಗೋ ಕೊಡಗಿಗೋ ಹೋಗಲು ನಮಗೆ ಹಣವೆಲ್ಲಿದೆ, ಬಿಡುವೆಲ್ಲಿದೆ ಎಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 150 ಮಂದಿ ವಿದ್ಯಾರ್ಥಿಗಳಿಗೆ ಬೇಸರ ತರುವಂತಹ ಅವಧಾನದ ಕೆಲಸವೊಂದನ್ನು ಕೊಟ್ಟು, ನಡುವೆ 40 ಸೆಕೆಂಡುಗಳ ಬಿಡುವನ್ನು ಒದಗಿಸಿದರು. ಆ ಬಿಡುವಿನಲ್ಲಿ ಕೆಲವರು ಹುಲ್ಲುಹೂಗಳನ್ನು ಬೆಳೆಸಿದ ಮಾಳಿಗೆಯ ಚಿತ್ರವನ್ನು ನೋಡಿದರು. ಉಳಿದವರು ಬರಿಯ ಕಾಂಕ್ರೀಟ್ ಮಾಳಿಗೆಯ ಚಿತ್ರವನ್ನು ನೋಡಿದರು. ಹಸಿರನ್ನು ನೋಡಿದವರು ಮುಂದೆ ಕಡಿಮೆ ತಪ್ಪು ಮಾಡಿದರು.

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಧ್ಯಯನವೊಂದು ಅಮೆರಿಕದ ಇಲಿನಾಯ್ ಸಂಸ್ಥಾನದ ಐದು ಪ್ರೌಢಶಾಲೆಗಳಲ್ಲಿ ನಡೆಯಿತು. ಡಾಂಗ್‌ಯಿಂಗ್ ಲೀ ಮತ್ತು ವಿಲಿಯಂ ಸಲಿವನ್ ಅವರು 2016ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 94 ಮಂದಿ ವಿದ್ಯಾರ್ಥಿಗಳು ಮೂರು ಬಗೆಯ ಕೋಣೆಗಳಲ್ಲಿ ಕುಳಿತು ಕೆಲಸ ಮಾಡಿದರು. ಒಂದಕ್ಕೆ ಕಿಟಕಿಯೇ ಇರಲಿಲ್ಲ. ಇನ್ನೊಂದರ ಕಿಟಕಿಯಿಂದ ಬೋಳಾದ ಆವರಣ ಕಾಣುತ್ತಿತ್ತು. ಮೂರನೆಯದರ ಕಿಟಕಿಯಿಂದ ಮರಗಿಡಗಳು ಕಾಣುತ್ತಿದ್ದವು. ಕೆಲಸ ಮುಗಿದೊಡನೆ ಪರೀಕ್ಷಿಸಿದಾಗ ಮೂರು ಗುಂಪುಗಳಲ್ಲಿ ಹೇಳಿಕೊಳ್ಳುವಂತಹ ಭೇದವಿರಲಿಲ್ಲ. ಅದೇ ಕೋಣೆಯಲ್ಲಿ 10 ನಿಮಿಷ ಬಿಡುವು ಕೊಟ್ಟು ಮತ್ತೆ ಪರೀಕ್ಷಿಸಿದಾಗ, ಮರಗಳನ್ನು ಕಾಣುತ್ತಿದ್ದವರ ಅವಧಾನವು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿತ್ತು. ಬರಿಯ ಬಿಡುವು ಸಾಲದು, ಬರಿಯ ಕಿಟಕಿಯೂ ಸಾಲದು. ಬಿಡುವಿನಲ್ಲಿ ಕಣ್ಣಿಗೆ ಒಂದು ಮರ ಬೇಕು.

ನಮ್ಮ ಹಳ್ಳಿಗಳಲ್ಲಿ ಊರ ನಡುವೆ ಅರಳಿಕಟ್ಟೆಯನ್ನು ಕಟ್ಟಿದವರಿಗೆ ಈ ಪ್ರಯೋಗಗಳು ತಿಳಿದಿರಲಿಲ್ಲ. ಆದರೂ ದುಡಿದು ದಣಿದವನು ಕುಳಿತು ಮಾತನಾಡಲು, ಸುಮ್ಮನಿರಲು ಅದು ತಕ್ಕ ಎಡೆಯಾಗಿತ್ತು. 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಆರಂಭಿಸಿದ ರವೀಂದ್ರನಾಥ ಠಾಕೂರರು ಮರಗಳ ಕೆಳಗೆ ಪಾಠ ನಡೆಸುವ ಪದ್ಧತಿಯನ್ನು ತಂದರು. ಬೆಂಗಳೂರಿನಲ್ಲಿ ಹೈದರಾಲಿಯ ಕಾಲದಲ್ಲಿ ಆರಂಭವಾದ ಲಾಲ್‌ಬಾಗ್ ಇಂದಿಗೂ ಯಾವ ವಿದ್ಯಾರ್ಥಿಗಾದರೂ ನೆರಳು ಕೊಡುತ್ತಿದೆ. ಬೀದಿಯ ಬದಿಯ ಮರಗಳ ಬೆಲೆಯೂ ಕಡಿಮೆಯಲ್ಲ. ಬೆಂಗಳೂರಿನ ಬೀದಿಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮರಗಳಿರುವ ರಸ್ತೆಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆಯು ಮರಗಳಿಲ್ಲದ ರಸ್ತೆಗಳಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ನವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆಯು 27.5 ಡಿಗ್ರಿಯವರೆಗೂ ಕಡಿಮೆಯಿದ್ದಿತು. ರಸ್ತೆಯನ್ನು ಅಗಲಿಸುವಾಗಲೋ ಶಾಲೆಯ ಹೊಸ ಕಟ್ಟಡವನ್ನು ಏಳಿಸುವಾಗಲೋ ಕಡಿದುಹಾಕಿದ ಹೊಂಗೆಯ ಮರದೊಡನೆ ನೆರಳು ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಅದರೊಡನೆ, ಆ ಕಿಟಕಿಯ ಬಳಿ ಕುಳಿತು ಓದಬೇಕಾದ ಎಷ್ಟೋ ವರ್ಷಗಳ ಮಕ್ಕಳ ವಿಶ್ರಾಂತಿಯೂ ಹೋಗುತ್ತದೆಂಬುದು ಕಡಿಯುವವರ ಲೆಕ್ಕದಲ್ಲಿ ಸೇರಿರುವುದಿಲ್ಲ. ಸೇರಿಸುವಂತೆ ಕೇಳುವ ಹಕ್ಕು ವಿದ್ಯಾರ್ಥಿಗಳಿಗಿದೆ.

ಎಲ್ಲಕ್ಕೂ ಮದ್ದಲ್ಲ

ಈ ಸಂಗತಿಗಳನ್ನು ಅತಿಯಾಗಿ ಹಿಗ್ಗಿಸಿ ಹೇಳುವುದು ಸಲ್ಲದು. ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷಗಳಾದರೂ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿವೆಯೆಂದು ಹೇಳುವುದು ಹೆಚ್ಚೆಂದು ಕಂಡುಬಂದಿತು. ಆದರೆ ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ತಿರುಗಾಡುವುದುಂಟಲ್ಲವೇ? ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಆದುದರಿಂದ 120 ನಿಮಿಷಗಳನ್ನು ವೈದ್ಯರ ಚೀಟಿಯಂತೆ ತಿಳಿಯಬಾರದು. ನಿದ್ರೆ ಬಾರದಿರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಬದುಕೇ ಬೇಡವೆನ್ನಿಸುವುದು ಇವು ವಾರಗಟ್ಟಲೆ ಕಾಡಿದರೆ ಅದು ದಣಿವಲ್ಲ, ಅನಾರೋಗ್ಯ. ಆಗ ಹಿರಿಯರಿಗೆ ಹೇಳಿ ವೈದ್ಯರನ್ನು ಕಾಣಬೇಕು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯನ್ನು 14416 ಎಂಬ ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು. ಇದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ.

ಆದರೆ ದಿನದಿನದ ದಣಿವಿಗೆ ಹಸಿರಿನ ವಿಶ್ರಾಂತಿಯು ಎಲ್ಲರಿಗೂ ಎಟುಕುವ ಸಾಧನ. ಚಾರ್ಲ್ಸ್ ಡಾರ್ವಿನ್ನನು ಇಂಗ್ಲೆಂಡಿನ ಡೌನ್ ಎಂಬ ಹಳ್ಳಿಯಲ್ಲಿದ್ದ ತನ್ನ ಮನೆಯ ಬಳಿ ಮರಗಳ ನಡುವೆ ಮರಳುದಾರಿಯೊಂದನ್ನು ಮಾಡಿಸಿ, ದಿನವೂ ಅಲ್ಲಿ ಸುತ್ತು ಹಾಕುತ್ತಿದ್ದನು. ಸುತ್ತುಗಳ ಲೆಕ್ಕ ತಪ್ಪದಿರಲೆಂದು ದಾರಿಯ ಬದಿಯಲ್ಲಿ ಕಲ್ಲುಗಳನ್ನಿಟ್ಟು, ಸುತ್ತಿಗೊಂದರಂತೆ ಅವನ್ನು ಸರಿಸುತ್ತಿದ್ದನಂತೆ. ಆ ದಾರಿಯ ಮೇಲೆ ಕಳೆದ ಹೊತ್ತನ್ನು ಆತನು ವ್ಯರ್ಥವೆಂದು ಎಣಿಸಲಿಲ್ಲ; ಆತನ ಗ್ರಂಥಗಳನ್ನು ನೋಡಿದವರೂ ಎಣಿಸಲಾರರು.

ನೀವೇ ಪರೀಕ್ಷಿಸಿ ನೋಡಿ

ಮೇಲೆ ಹೇಳಿದುದನ್ನು ನಂಬಲೇಬೇಕೆಂಬ ಬಲವಂತವಿಲ್ಲ. ತರಗತಿಯ ಗೆಳೆಯರು ಹತ್ತು ಹನ್ನೆರಡು ಮಂದಿ ಸೇರಿದರೆ ಪ್ರಯೋಗವನ್ನು ನೀವೇ ಮಾಡಬಹುದು. ಮೂರರಿಂದ ಒಂಬತ್ತು ಅಂಕೆಗಳಿರುವ ಸಾಲುಗಳನ್ನು ಕ್ರಮವಿಲ್ಲದಂತೆ ಚೀಟಿಗಳಲ್ಲಿ ಬರೆದಿಟ್ಟುಕೊಳ್ಳಿ. ದೀರ್ಘವಾದ ಓದು ಮುಗಿದ ಮೇಲೆ, ಒಬ್ಬನು ಸೆಕೆಂಡಿಗೊಂದು ಅಂಕೆಯಂತೆ ಓದಲಿ. ಇನ್ನೊಬ್ಬನು ಹಿಂದುಮುಂದಾಗಿ ಹೇಳಲಿ. ತಪ್ಪಿಲ್ಲದೆ ಹೇಳಿದ ಅತಿ ಉದ್ದವಾದ ಸಾಲು ಯಾವುದೆಂದು ಬರೆದಿಟ್ಟುಕೊಳ್ಳಿ. ಬಳಿಕ ಅರ್ಧ ಮಂದಿ ಅರ್ಧ ಗಂಟೆ ಅಂಗಡಿ ಬೀದಿಯಲ್ಲಿಯೂ, ಉಳಿದವರು ಅಷ್ಟೇ ಹೊತ್ತು ಮರಗಳ ನಡುವೆಯೂ ನಡೆದು ಬಂದು, ಹೊಸ ಚೀಟಿಗಳಿಂದ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಿ. ದೂರವಾಣಿಯನ್ನು ಇಬ್ಬರೂ ಒಯ್ಯಬಾರದು. ಮುಂದಿನ ವಾರ ದಾರಿಗಳನ್ನು ಬದಲಿಸಿ. ಹೀಗೆ ಬದಲಿಸದಿದ್ದರೆ ಅಭ್ಯಾಸದಿಂದ ಬಂದ ಲಾಭವನ್ನು ಮರದಿಂದ ಬಂದುದೆಂದು ತಪ್ಪು ತಿಳಿಯುವ ಸಂಭವವುಂಟು.

ಹತ್ತು ಮಂದಿಯ ಫಲಿತಾಂಶದಿಂದ ದೊಡ್ಡ ಸಿದ್ಧಾಂತವೇನೂ ಸ್ಥಾಪಿತವಾಗದು. ಅಂಕೆಗಳು ಹೇಗೇ ಬರಲಿ, ಪ್ರಯೋಗದ ನೆಪದಿಂದ ಪ್ರತಿಯೊಬ್ಬರೂ ಅರ್ಧ ಗಂಟೆಯ ಕಾಲ ಎಲೆಗಳ ಕೆಳಗೆ ನಡೆದಿರುತ್ತೀರಿ. ಹಿಂದಿರುಗಿ ಬಂದು, ಅರ್ಥವಾಗದೆ ಮುಚ್ಚಿಟ್ಟಿದ್ದ ಆ ಪುಟವನ್ನು ಮತ್ತೊಮ್ಮೆ ತೆರೆದು ಓದಿ ನೋಡಿ.